‘ಆಡಬೇಕು’ ಮತ್ತು ‘ಆಡಲೇಬೇಕು’ ನಡುವೆ

2025ರ ಆಗಸ್ಟ್ ತಿಂಗಳ ಆ ಮೂರು ದಿನ ನಿಮಗೂ ನೆನಪಿರಬಹುದು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಅಷ್ಟು ವೇಗವಾಗಿ ಬಂತು. ಹಣ ಕಟ್ಟಿ ಆಡುವ ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ ಆ್ಯಪ್‌ಗಳು ಒಂದರ ಹಿಂದೆ ಒಂದು ಹಣದ ಆಟ ನಿಲ್ಲಿಸಿದವು. ಭಾರತ ಕ್ರಿಕೆಟ್ ತಂಡದ ಜೆರ್ಸಿಯ ಮೇಲಿದ್ದ ಪ್ರಾಯೋಜಕರ ಹೆಸರು ಕೂಡ ಮಾಯವಾಯಿತು.

ಆ ವಾರ ನಮ್ಮ ಪಿಜಿಯಲ್ಲಿ ಇದೇ ಮಾತು. ನಾನಿರುವುದು ಧಾರವಾಡದ ಸಪ್ತಾಪುರದಲ್ಲಿ. ಕೋಚಿಂಗ್ ಸೆಂಟರ್, ಓದುವ ಕೊಠಡಿ, ಜೆರಾಕ್ಸ್ ಅಂಗಡಿ, ಚಹಾದಂಗಡಿಗಳ ನಡುವೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಸಾವಿರಾರು ಜನರಲ್ಲಿ ಒಬ್ಬ. ವಯಸ್ಸು 27. ಕಾಯ್ದೆ ಬಂದದ್ದು ಒಳ್ಳೆಯದಾಯಿತು ಎಂದವರೇ ಹೆಚ್ಚು. ರಮ್ಮಿ ಆ್ಯಪ್‌ನಲ್ಲಿ ಎರಡು ತಿಂಗಳ ಮೆಸ್ ಬಿಲ್ ಕಳೆದುಕೊಂಡ ಗೆಳೆಯನೊಬ್ಬ ಮಾತ್ರ ಸುಮ್ಮನೆ ಕೂತಿದ್ದ.

ಆದರೆ ಆ ಚರ್ಚೆಯಲ್ಲಿ ಯಾರೂ ಎತ್ತದ ಪ್ರಶ್ನೆಯೊಂದು ನನ್ನನ್ನು ಕಾಡುತ್ತಿತ್ತು. ಒಂದು ರೂಪಾಯಿಯನ್ನೂ ಪಣಕ್ಕಿಡದ ಆಟಗಳಲ್ಲೂ ನಮಗೆ ಖುಷಿ ಸಿಗುವುದು ನಿಂತದ್ದು ಏಕೆ? ಚಿಕ್ಕಂದಿನಲ್ಲಿ ಊಟ ಬಿಟ್ಟು ಆಡುತ್ತಿದ್ದ ನಾವು, ಈಗ ಮೊಬೈಲಿನಲ್ಲಿ ಗೇಮ್ ತೆರೆದು, ಆಕಳಿಸುತ್ತಾ ಆಡಿ, ಮುಗಿದ ಮೇಲೆ ಆಡುವ ಮುಂಚೆಗಿಂತ ಹೆಚ್ಚು ಸುಸ್ತಾಗಿ ಮಲಗುತ್ತೇವಲ್ಲ, ಅದು ಏನು? ‘ವಯಸ್ಸಾಯಿತು ಬಿಡು’ ಎಂಬುದು ಎಲ್ಲರೂ ಕೊಡುವ ಉತ್ತರ. ನನಗೆ ಅದು ಸಾಲದು ಅನ್ನಿಸುತ್ತದೆ. ಬದಲಾದದ್ದು ನಮ್ಮ ವಯಸ್ಸು ಮಾತ್ರವಲ್ಲ, ಆಟಗಳೂ ಬದಲಾಗಿವೆ.

ಕಾಯ್ದೆ ಎಳೆದ ಗೆರೆ

ಮೊದಲು ಕಾಯ್ದೆಯನ್ನೇ ನೋಡೋಣ. ಅದು ಆಟಗಳನ್ನು ಮೂರು ಗುಂಪು ಮಾಡುತ್ತದೆ: ಇ–ಸ್ಪೋರ್ಟ್ಸ್, ಸಾಮಾಜಿಕ ಆಟ, ಹಣದ ಆಟ. ಮೊದಲ ಎರಡಕ್ಕೆ ಪ್ರೋತ್ಸಾಹ, ಮೂರನೆಯದಕ್ಕೆ ನಿಷೇಧ. ಹಣದ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟರೂ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ, ಅವರನ್ನು ಸಂತ್ರಸ್ತರೆಂದೇ ಪರಿಗಣಿಸಲಾಗಿದೆ. ಇದು ಕಾಯ್ದೆಯ ಮಾನವೀಯ ಭಾಗ.

ಹೀಗೆ ಗೆರೆ ಎಳೆಯುವ ಪ್ರಯತ್ನ ಹೊಸದೇನಲ್ಲ. ನಮ್ಮ ರಾಜ್ಯವೇ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟವೇ, ಅದೃಷ್ಟದ ಆಟವೇ ಎಂಬ ಹಳೆಯ ವಾದ ಆಗ ಮುಖ್ಯವಾಗಿತ್ತು. 2025ರ ಕೇಂದ್ರ ಕಾಯ್ದೆ ಆ ವಾದವನ್ನೇ ಬದಿಗಿಟ್ಟಿತು. ಕೌಶಲವಿರಲಿ, ಅದೃಷ್ಟವಿರಲಿ, ಗೆದ್ದರೆ ಹಣ ಬರುತ್ತದೆಂದು ಹಣ ಕಟ್ಟಿದರೆ ಅದು ಹಣದ ಆಟ, ಅಷ್ಟೇ. ಇದನ್ನು ಪ್ರಶ್ನಿಸಿದ ಅರ್ಜಿಗಳು ಹೈಕೋರ್ಟ್‌ಗಳಿಂದ ಸುಪ್ರೀಂ ಕೋರ್ಟ್‌ಗೆ ವರ್ಗವಾಗಿವೆ.

ಬೇರೆ ಸರ್ಕಾರಗಳು ಬೇರೆ ಗೆರೆ ಎಳೆದಿವೆ. ಚೀನಾ 2021ರಲ್ಲಿ 18 ವರ್ಷದೊಳಗಿನವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಂದು ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಗೇಮ್ ಆಡಬಹುದು ಎಂದಿತು. ನಮ್ಮಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದದ್ದು ದೇಶದ ಭದ್ರತೆಯ ಕಾರಣಕ್ಕೆ. ಅದೇ ಮಾದರಿಯ ಬಿಜಿಎಂಐ 2021ರಲ್ಲಿ ಬಂತು, 2022ರಲ್ಲಿ ಹೋಯಿತು, 2023ರಲ್ಲಿ ಸಮಯದ ಮಿತಿಯೊಂದಿಗೆ ಮರಳಿತು.

ಹಣ, ಗಂಟೆ, ಭದ್ರತೆ: ಸರ್ಕಾರಗಳ ಕೈಯಲ್ಲಿರುವ ಅಳತೆಗೋಲುಗಳು ಇವೇ. ಹೊರಗಿನಿಂದ ಅಳೆಯಲು ಬರುವುದೂ ಇವಷ್ಟೇ. ಆದರೆ ಆಟದ ಸೊಗಸು ಕೆಡುವುದು ಒಳಗೆ. ಅದನ್ನು ಅಳೆಯುವ ಕೆಲಸ ನಮ್ಮದೇ.

ಮುಗಿಯುತ್ತಿದ್ದ ಆಟಗಳು

ನನ್ನ ವಯಸ್ಸಿನವರಿಗೆ ಟಿವಿಗೆ ಸಿಕ್ಕಿಸುವ ಆ ವಿಡಿಯೋ ಗೇಮ್ ಗೊತ್ತಿರುತ್ತದೆ. ಸಂತೆಯಲ್ಲೋ, ಜಾತ್ರೆಯಲ್ಲೋ ಸಿಗುತ್ತಿದ್ದ, ಹೆಸರಿಲ್ಲದ ಕಂಪನಿಯ ಡಬ್ಬಿ. ಕ್ಯಾಸೆಟ್ ಮೇಲೆ ‘9999 ಆಟಗಳು’ ಎಂದು ಬರೆದಿರುತ್ತಿತ್ತು. ಒಳಗೆ ಇದ್ದದ್ದು ಹತ್ತೋ ಹದಿನೈದೋ, ಉಳಿದವೆಲ್ಲ ಅವೇ ಆಟಗಳು ಬೇರೆ ಹೆಸರಿನಲ್ಲಿ. ಆಟ ಬರದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಊದುವುದು ನಮ್ಮೆಲ್ಲರ ದುರಸ್ತಿ ವಿದ್ಯೆ. ಗದಗ ಜಿಲ್ಲೆಯ ನಮ್ಮೂರಿನಲ್ಲಿ ಅದು ಇದ್ದದ್ದು ಕಾಕಾನ ಮನೆಯಲ್ಲಿ. ಬೇಸಿಗೆ ರಜೆಯಲ್ಲಿ ಓಣಿಯ ಹುಡುಗರೆಲ್ಲ ಅಲ್ಲೇ.

ಕಾಂಟ್ರಾ ಆಡಿದವರಿಗೆ ಜಲಪಾತದ ಹಂತ ನೆನಪಿರುತ್ತದೆ. ಅಲ್ಲಿ ಪರದೆ ಮೇಲಕ್ಕೆ ಸರಿಯುತ್ತದೆ. ಇಬ್ಬರು ಆಡುವಾಗ ಒಬ್ಬ ಅವಸರಪಟ್ಟು ಮೇಲೆ ಹಾರಿದರೆ ಕೆಳಗೆ ಉಳಿದವನ ಜೀವ ಹೋಗುತ್ತದೆ. ಹಾಗಾಗಿ ‘ತಡಿ, ನಾ ಬರ್ತೀನಿ’, ‘ಈಗ ಹಾರು’ ಎಂದು ಕೂಗಾಡಿಕೊಂಡೇ ಹತ್ತಬೇಕು. ಜತೆಗಾರನನ್ನು ಬಿಟ್ಟು ಮುಂದೆ ಹೋದರೆ ಆಟದಲ್ಲಿ ಒಂದು ಜೀವ, ಹೊರಗೆ ಒಂದು ಗುದ್ದು, ಎರಡೂ ಖಚಿತ.

ಆ ಡಬ್ಬಿಯಲ್ಲಿ ಆಟ ಉಳಿಸಿಡುವ ವ್ಯವಸ್ಥೆ ಇರಲಿಲ್ಲ. ಕರೆಂಟ್ ಹೋದರೆ ಎಲ್ಲ ಮೊದಲಿಂದ. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಅದು ದಿನವೂ ಆಗುತ್ತಿತ್ತು. ಆದರೂ ‘ನಮ್ಮ ಶ್ರಮವೆಲ್ಲ ಹಾಳಾಯಿತು’ ಎಂದು ಯಾರೂ ಅತ್ತ ನೆನಪಿಲ್ಲ. ಟಿವಿ ಕಪ್ಪಾಗುತ್ತಿದ್ದಂತೆ ಲಗೋರಿಗೋ ಚಿನ್ನಿದಾಂಡಿಗೋ ಎದ್ದು ಓಡುತ್ತಿದ್ದೆವು. ಕಳೆದುಕೊಳ್ಳಲು ನಮ್ಮ ಬಳಿ ಏನೂ ಇರಲಿಲ್ಲ. ರ‍್ಯಾಂಕ್ ಇಲ್ಲ, ಪಾಯಿಂಟ್ ಖಾತೆ ಇಲ್ಲ, ನಿನ್ನೆ ಎಷ್ಟು ಆಡಿದೆವು ಎಂಬ ಲೆಕ್ಕ ಇಲ್ಲ.

ಇದನ್ನು ಬಾಲ್ಯದ ಗುಣಗಾನಕ್ಕೆ ಹೇಳುತ್ತಿಲ್ಲ. ಆ ಆಟಗಳಿಗೂ ದೋಷಗಳಿದ್ದವು, ಚಿತ್ರ ಒರಟು, ಕಥೆ ಇಲ್ಲವೇ ಇಲ್ಲ. ಆದರೆ ಅವಕ್ಕೆ ಒಂದು ಗುಣವಿತ್ತು: ಅವು ಮುಗಿಯುತ್ತಿದ್ದವು. ಗೆದ್ದರೆ ಮುಗಿಯುತ್ತಿತ್ತು, ಸತ್ತರೆ ಮುಗಿಯುತ್ತಿತ್ತು, ಅವ್ವ ಊಟಕ್ಕೆ ಕರೆದರೂ ಮುಗಿಯುತ್ತಿತ್ತು. ನಾವು ಎದ್ದು ಹೋದ ಮೇಲೆ ಆಟ ನಮ್ಮನ್ನು ಹಿಂಬಾಲಿಸುತ್ತಿರಲಿಲ್ಲ.

ಆಟವೇ ನೌಕರಿಯಾದಾಗ

ಈಗಿನ ಮೊಬೈಲ್ ಗೇಮ್ ಹಿಂಬಾಲಿಸುತ್ತದೆ. ಹೇಗೆಂದು ನೋಡಿ. ದಿನಾ ಲಾಗಿನ್ ಆದರೆ ಒಂದು ಉಡುಗೊರೆ, ಏಳನೇ ದಿನ ದೊಡ್ಡ ಉಡುಗೊರೆ. ನಡುವೆ ಒಂದು ದಿನ ತಪ್ಪಿದರೆ ಸರಪಳಿ ಕಡಿದು ಮತ್ತೆ ಒಂದರಿಂದ ಆರಂಭ. ‘ಇನ್ನು ಮೂರೇ ದಿನ’ ಎಂಬ ವಿಶೇಷ ಕಾರ್ಯಕ್ರಮ. ದುಡ್ಡು ಕೊಟ್ಟು ಪಾಸ್ ಖರೀದಿಸಿದರೆ ಬಹುಮಾನಗಳ ಪಟ್ಟಿ ತೆರೆಯುತ್ತದೆ, ಆದರೆ ಅವು ಕೈಗೆ ಬರಬೇಕಾದರೆ ಸೀಸನ್ ಮುಗಿಯುವುದರೊಳಗೆ ಇಷ್ಟು ಕೆಲಸ ಮುಗಿಸಬೇಕು. ದುಡ್ಡು ಕೊಟ್ಟವರೂ ನಾವೇ, ಕೆಲಸ ಮಾಡುವವರೂ ನಾವೇ!

ಇನ್ನು ರ‍್ಯಾಂಕ್. ಬಿಜಿಎಂಐ ಆಡುವವರಿಗೆ ಬ್ರಾಂಜ್‌ನಿಂದ ಹಿಡಿದು ಕಾಂಕರರ್‌ವರೆಗಿನ ಮೆಟ್ಟಿಲು ಬಾಯಿಪಾಠ. ಹೊಸ ಸೀಸನ್ ಬಂದಾಗ ಒಂದಷ್ಟು ಮೆಟ್ಟಿಲು ಕೆಳಗೆ ಇಳಿಸಲಾಗುತ್ತದೆ. ಮತ್ತೆ ಹತ್ತಬೇಕು. ಕಾಂಟ್ರಾದ ಜಲಪಾತಕ್ಕೆ ತುದಿ ಇತ್ತು, ಈ ಮೆಟ್ಟಿಲಿಗೆ ಇಲ್ಲ.

ಇಂಥ ವಿನ್ಯಾಸಕ್ಕೆ ವ್ಯಾಪಾರದ ಕಾರಣವಿದೆ. ಹಿಂದೆ ಗೇಮ್ ಮಾರುವ ಕಂಪನಿಗೆ ನಾವು ಒಮ್ಮೆ ಹಣ ಕೊಟ್ಟರೆ ಲೆಕ್ಕ ಚುಕ್ತಾ. ಆಮೇಲೆ ನಾವು ಆಡಿದರೂ ಬಿಟ್ಟರೂ ಅದಕ್ಕೆ ನಷ್ಟವಿಲ್ಲ. ಈಗ ಗೇಮ್ ಉಚಿತ. ನಾವು ದಿನಾ ಬಂದರಷ್ಟೇ ಜಾಹೀರಾತು ತೋರಿಸಬಹುದು, ಪಾಸ್ ಮಾರಬಹುದು, ಅಂಗಿ–ಟೋಪಿ ಮಾರಬಹುದು. ಹಾಗಾಗಿ ಆಟದ ಮೊದಲ ಗುರಿ ನಮಗೆ ಖುಷಿ ಕೊಡುವುದಲ್ಲ, ನಾಳೆ ಮತ್ತೆ ಬರುವಂತೆ ಮಾಡುವುದು. ಎರಡೂ ಕೆಲವೊಮ್ಮೆ ಒಂದೇ ಆಗಿರುತ್ತವೆ, ಸದಾ ಅಲ್ಲ.

ಈಗ ನಮ್ಮಂಥವರ ದಿನಚರಿಯ ಪಕ್ಕ ಇದನ್ನು ಇಟ್ಟು ನೋಡಿ. ಬೆಳಿಗ್ಗೆ ಓದುವ ಕೊಠಡಿಯಲ್ಲಿ ಹಾಜರಿ. ಮಧ್ಯಾಹ್ನ ಅಣಕು ಪರೀಕ್ಷೆ, ಅದರಲ್ಲಿ ರ‍್ಯಾಂಕ್. ಓದುವ ಆ್ಯಪ್‌ನಲ್ಲೂ ಎಷ್ಟು ದಿನ ತಪ್ಪದೆ ಓದಿದೆ ಎಂಬ ಸ್ಟ್ರೀಕ್. ಅಧಿಸೂಚನೆ ಬಂತೇ, ಕಟ್‌ಆಫ್ ಎಷ್ಟು, ವಯಸ್ಸಿನ ಮಿತಿಗೆ ಇನ್ನೆಷ್ಟು ವರ್ಷ ಎಂಬ ಲೆಕ್ಕ. ರಾತ್ರಿ ದಣಿದು ಗೇಮ್ ತೆರೆದರೆ ಅಲ್ಲಿಯೂ ಹಾಜರಿ, ರ‍್ಯಾಂಕ್, ಸ್ಟ್ರೀಕ್, ಕೊನೆಯ ದಿನಾಂಕ! ಪರೀಕ್ಷೆಯ ಲೋಕದಿಂದ ತಪ್ಪಿಸಿಕೊಳ್ಳಲು ಹೋದವರು ಇನ್ನೊಂದು ಪರೀಕ್ಷಾ ಕೇಂದ್ರದಲ್ಲೇ ಕೂತಿರುತ್ತೇವೆ. ದಣಿವು ಆರುವುದಾದರೂ ಹೇಗೆ?

ಸುಮಾರು ಎರಡು ವರ್ಷ ನಾನೊಂದು ಶೂಟಿಂಗ್ ಗೇಮ್ ಆಡಿದೆ. ಆರಂಭದ ದಿನಗಳು ಚೆನ್ನಾಗಿದ್ದವು, ನಾಲ್ವರು ಗೆಳೆಯರ ತಂಡ. ಒಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ರಾತ್ರಿ ಪಾಳಿ. ಇನ್ನೊಬ್ಬನಿಗೆ ಮದುವೆಯಾಯಿತು. ಮೂರನೆಯವನು ಊರಿಗೆ ಹೋಗಿ ಟ್ರ್ಯಾಕ್ಟರ್ ಹಿಡಿದ. ಉಳಿದವನು ನಾನು, ಗುರುತಿಲ್ಲದ ಮೂವರ ಜತೆ. ಸೋತರೆ ಬೈಗುಳ, ಗೆದ್ದರೆ ಮೌನ. ಆಮೇಲೆ ಆಡುತ್ತಿದ್ದದ್ದು ಸೀಸನ್ ಮುಗಿಯುತ್ತದಲ್ಲ ಎಂಬ ಒಂದೇ ಕಾರಣಕ್ಕೆ. ಒಂದು ರಾತ್ರಿ ಫೋನ್ ಕೆಳಗಿಟ್ಟಾಗ, ಅಂದು ಆಡಿದ ಒಂದೇ ಒಂದು ಸನ್ನಿವೇಶವೂ ನನಗೆ ನೆನಪಿರಲಿಲ್ಲ. ಹದಿನೆಂಟು ವರ್ಷದ ಹಿಂದಿನ ಜಲಪಾತ ನೆನಪಿದೆ, ಅರ್ಧ ಗಂಟೆ ಹಿಂದಿನದ್ದು ಇಲ್ಲ.

ಗಂಟೆ ಅಲ್ಲ, ಮನಸ್ಸು

ಈ ಅನುಭವಕ್ಕೆ ಸಂಶೋಧನೆಯ ಆಧಾರವೂ ಇದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಏಳು ಗೇಮ್‌ಗಳನ್ನು ಆಡುವ ಸುಮಾರು 39 ಸಾವಿರ ಜನರನ್ನು ಆರು ವಾರ ಗಮನಿಸಿದರು. ‘ಎಷ್ಟು ಹೊತ್ತು ಆಡುತ್ತೀರಿ’ ಎಂದು ಕೇಳಿ ಬರೆದುಕೊಳ್ಳಲಿಲ್ಲ, ಆಟದ ನಿಜವಾದ ಸಮಯವನ್ನು ಕಂಪನಿಗಳಿಂದಲೇ ಪಡೆದರು. ಆಡಿದ ಗಂಟೆಗಳು ಹೆಚ್ಚಾದರೆ ನೆಮ್ಮದಿ ಕಡಿಮೆಯಾಗುತ್ತದೆಯೇ, ಹೆಚ್ಚುತ್ತದೆಯೇ ಎಂಬುದು ಪ್ರಶ್ನೆ. ಗಂಟೆಗಳಿಗೂ ನೆಮ್ಮದಿಗೂ ಹೇಳಿಕೊಳ್ಳುವಂಥ ಸಂಬಂಧ ಅವರಿಗೆ ಕಾಣಲಿಲ್ಲ. ಆದರೆ ಆಡಲು ಕಾರಣವೇನು ಎಂಬುದರಲ್ಲಿ ವ್ಯತ್ಯಾಸ ಕಂಡಿತು. ಇಷ್ಟಪಟ್ಟು ಆಡುವವರ ನೆಮ್ಮದಿ ಹೆಚ್ಚಿತ್ತು. ಆಡಲೇಬೇಕು ಎಂಬ ಒತ್ತಡದಲ್ಲಿ ಆಡುವವರ ನೆಮ್ಮದಿ ಕಡಿಮೆ ಇತ್ತು.

ನಮ್ಮ ಭಾಷೆಯಲ್ಲಿ ಇದು ಇನ್ನೂ ಚೆನ್ನಾಗಿ ಕೇಳಿಸುತ್ತದೆ. ‘ನನಗೆ ಆಡಬೇಕು ಅನ್ನಿಸುತ್ತಿದೆ’ ಅಂದರೆ ಆಸೆ. ‘ನಾನು ಆಡಲೇಬೇಕು’ ಅಂದರೆ ಬಲವಂತ. ನಡುವೆ ಇರುವುದು ‘ಲೇ’ ಎಂಬ ಒಂದು ಅಕ್ಷರ. ನಮ್ಮ ಖುಷಿ ಕಳೆದುಹೋಗುವುದು ಆ ಒಂದಕ್ಷರದಲ್ಲೇ.

ಬಹುಮಾನ ಆಸೆಯನ್ನು ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಇನ್ನೂ ಹಳೆಯ ಪ್ರಯೋಗವಿದೆ. 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಕಾಲೇಜು ವಿದ್ಯಾರ್ಥಿಗಳಿಗೆ ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟರು. ಒಂದು ಗುಂಪಿಗೆ ನಡುವಿನ ಸುತ್ತಿನಲ್ಲಿ, ಬಿಡಿಸಿದ ಪ್ರತಿ ಒಗಟಿಗೂ ಹಣ ಕೊಟ್ಟರು. ಮುಂದಿನ ಸುತ್ತಿನಲ್ಲಿ ಹಣ ನಿಲ್ಲಿಸಿದರು. ಆಗ ಬಿಡುವಿನ ವೇಳೆಯಲ್ಲಿ ತಾವಾಗಿಯೇ ಒಗಟು ಕೈಗೆತ್ತಿಕೊಳ್ಳುವುದು ಆ ಗುಂಪಿನಲ್ಲಿ ಕಡಿಮೆಯಾಯಿತು. ಮೊದಲು ಕುತೂಹಲಕ್ಕೆ ಮಾಡುತ್ತಿದ್ದುದು ಕೂಲಿಗೆ ಮಾಡುವ ಕೆಲಸವಾಯಿತು, ಕೂಲಿ ನಿಂತಾಗ ಕುತೂಹಲವೂ ಹೋಯಿತು. ದಿನಾ ಸಿಗುವ ಲಾಗಿನ್ ಉಡುಗೊರೆಯನ್ನು ನೋಡಿದಾಗ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಡೆಸಿ ಮತ್ತು ಅವರ ಜತೆಗಾರ ರಿಚರ್ಡ್ ರಯಾನ್ ಮುಂದೆ ಇದನ್ನೊಂದು ಸಿದ್ಧಾಂತವಾಗಿ ಬೆಳೆಸಿದರು. ಮನುಷ್ಯನಿಗೆ ಮೂರು ಬೇಕು: ನಾನೇ ಆಯ್ದುಕೊಂಡೆ ಎಂಬ ಭಾವ, ನನಗಿದು ಬರುತ್ತದೆ ಎಂಬ ಭಾವ, ನನ್ನವರು ಜತೆಗಿದ್ದಾರೆ ಎಂಬ ಭಾವ. 2006ರಲ್ಲಿ ರಯಾನ್ ಮತ್ತು ಸಂಗಡಿಗರು ವಿಡಿಯೋ ಗೇಮ್‌ಗಳ ಸೆಳೆತವನ್ನೂ ಇದೇ ಮೂರರಿಂದ ವಿವರಿಸಿದರು. ನಿರುದ್ಯೋಗದ ವರ್ಷಗಳಲ್ಲಿ ಯುವಕ–ಯುವತಿಯರಿಗೆ ಸಿಗದೇ ಹೋಗುವುದು ಸರಿಯಾಗಿ ಈ ಮೂರೇ ಎಂಬುದನ್ನು ಗಮನಿಸಿ. ಆಯ್ಕೆ ನಮ್ಮ ಕೈಯಲ್ಲಿಲ್ಲ, ನಮಗೆ ಏನು ಬರುತ್ತದೆಂದು ಹೇಳುವವರಿಲ್ಲ, ಗೆಳೆಯರು ಚದುರಿದ್ದಾರೆ. ಗೇಮ್‌ಗಳು ನಮ್ಮನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದಕ್ಕೆ ಇದೂ ಕಾರಣ. ಸೋಮಾರಿತನ ಎಂಬ ಒಂದೇ ಪದದಲ್ಲಿ ಅದನ್ನು ಮುಗಿಸಿಬಿಡುವುದು ನ್ಯಾಯವಲ್ಲ.

ಇಲ್ಲಿ ಎಚ್ಚರಿಕೆಯೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ 2022ರಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲದಕ್ಕಿಂತ ಆಟವೇ ಮುಖ್ಯವಾಗುವುದು, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ 2014ರಿಂದ ಇದೆ. ಟೆಲಿ–ಮಾನಸ್ ಸಹಾಯವಾಣಿ 14416 ಉಚಿತ. ನಾನು ಬರೆಯುತ್ತಿರುವುದು ಆ ಸ್ಥಿತಿಯ ಬಗ್ಗೆ ಅಲ್ಲ. ಬಹುಪಾಲು ಜನರದ್ದು ವ್ಯಸನವಲ್ಲ, ಬೇಸರ. ಬಿಡಲೂ ಆಗದ, ಸವಿಯಲೂ ಆಗದ ನಡುವಿನ ಸ್ಥಿತಿ.

‘ಇದರಿಂದ ಏನು ಉಪಯೋಗ?’

ಖುಷಿ ಕೆಡಿಸುವ ಇನ್ನೊಂದು ಸಂಗತಿ ಗೇಮ್‌ಗಳ ಹೊರಗಿದೆ. ಅದು ಈ ಪ್ರಶ್ನೆ: ಇದರಿಂದ ಏನು ಉಪಯೋಗ?

ಉದ್ಯೋಗ ಸಿಗುವವರೆಗೆ ನಮ್ಮ ಪ್ರತಿ ಗಂಟೆಯೂ ಯಾರದೋ ಸಾಲ ಎಂಬಂತೆ ಇರುತ್ತದೆ. ಸಿನಿಮಾ ನೋಡಿದರೆ ಇಂಗ್ಲಿಷ್ ಸುಧಾರಿಸಲು ಎನ್ನಬೇಕು. ಪತ್ರಿಕೆ ಓದಿದರೆ ಪ್ರಚಲಿತ ವಿದ್ಯಮಾನಕ್ಕೆ ಎನ್ನಬೇಕು. ಗೇಮ್ ಆಡಿದರೆ? ಸಮರ್ಥನೆಯೇ ಇಲ್ಲ. ಊರಿಗೆ ಹೋದಾಗ ಕೈಯಲ್ಲಿ ಫೋನ್ ಕಂಡರೆ ನೆರೆಮನೆಯವರ ನೋಟ ನಿಮಗೂ ಗೊತ್ತು.

ಈ ಪ್ರಶ್ನೆಗೆ ಈಚಿನ ವರ್ಷಗಳಲ್ಲಿ ಒಂದು ಸಿದ್ಧ ಉತ್ತರ ಹುಟ್ಟಿದೆ: ಗೇಮಿಂಗ್ ಕೂಡ ಒಂದು ಕರಿಯರ್! ಇದರಲ್ಲಿ ಸತ್ಯವಿದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ–ಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಾಗಿದ್ದಾಗ ಭಾರತದ ತೀರ್ಥ್ ಮೆಹ್ತಾ ಕಂಚು ಗೆದ್ದರು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ–ಸ್ಪೋರ್ಟ್ಸ್‌ಗೆ ಬಹುಕ್ರೀಡಾ ಸ್ಪರ್ಧೆಯ ಭಾಗವಾಗಿ ಮಾನ್ಯತೆ ನೀಡಿತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಕ್ಕೆ ಪದಕವೂ ಇತ್ತು. ಗೇಮ್ ತಯಾರಿಸುವವರೂ ನಮ್ಮಲ್ಲಿದ್ದಾರೆ. 2020ರಲ್ಲಿ ಬಂದ, ಭಾರತದ ಪುರಾಣಲೋಕದ ‘ರಾಜಿ’ ಎಂಬ ಗೇಮ್ ಪುಣೆಯ ಸಣ್ಣ ತಂಡವೊಂದರದ್ದು.

ಆದರೆ ಲೆಕ್ಕ ನೋಡಿ. ಚಿನ್ನಿದಾಂಡು ಆಡಿದ ನಾವ್ಯಾರೂ ಅದರಲ್ಲಿ ವೃತ್ತಿ ಹುಡುಕಲಿಲ್ಲ. ಗಲ್ಲಿ ಕ್ರಿಕೆಟ್ ಆಡುವ ಲಕ್ಷಾಂತರ ಜನರಲ್ಲಿ ರಣಜಿ ತಂಡ ಸೇರುವವರು ಬೆರಳೆಣಿಕೆ. ಹಾಗೆಂದು ಉಳಿದವರ ಕ್ರಿಕೆಟ್ ವ್ಯರ್ಥವೇ? ‘ಹವ್ಯಾಸವನ್ನೇ ವೃತ್ತಿ ಮಾಡಿಕೊಳ್ಳಿ’ ಎಂಬ ಮಾತು ಕೇಳಲು ಚೆಂದ. ಆದರೆ ಅದು ಹವ್ಯಾಸಕ್ಕೆ ತನ್ನದೇ ಬೆಲೆಯಿಲ್ಲ, ದುಡಿದರೆ ಮಾತ್ರ ಬೆಲೆ ಎಂದೂ ಹೇಳುತ್ತದೆ. ಆಡುವುದನ್ನೆಲ್ಲ ಯೂಟ್ಯೂಬ್‌ಗೆ ಹಾಕಬೇಕು, ಹಿಂಬಾಲಕರು ಬೇಕು ಎಂಬ ಒತ್ತಡ ಶುರುವಾಗುತ್ತದೆ. ‘ಲೇ’ ಅಕ್ಷರ ಈ ಬಾಗಿಲಿನಿಂದಲೂ ಒಳಗೆ ಬರುತ್ತದೆ.

ಆಟಕ್ಕೆ ಉಪಯೋಗ ಇರಬೇಕಿಲ್ಲ ಎಂದು ಹೇಳಲು ನಮಗೆ ಧೈರ್ಯ ಬೇಕು. ಪರೀಕ್ಷೆ ಬರೆದು ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯುವವರಿಗೆ, ಯಾವ ಫಲಿತಾಂಶವನ್ನೂ ಕಾಯಬೇಕಿಲ್ಲದ ಒಂದು ಗಂಟೆ ಎಷ್ಟು ದೊಡ್ಡದು ಎಂಬುದು ಕಾದವರಿಗೇ ಗೊತ್ತು.

ಮೊಬೈಲಿನ ಹೊಲ

ನನಗೆ ಆ ಗಂಟೆ ಮರಳಿ ಸಿಕ್ಕಿದ್ದು ಒಂದು ಕೃಷಿಯ ಆಟದಲ್ಲಿ. ‘ಸ್ಟಾರ್‌ಡ್ಯೂ ವ್ಯಾಲಿ’ ಎಂದು ಅದರ ಹೆಸರು. ಎರಿಕ್ ಬ್ಯಾರನ್ ಎಂಬ ಅಮೆರಿಕದ ಯುವಕ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಮಾಡಿ 2016ರಲ್ಲಿ ಬಿಡುಗಡೆ ಮಾಡಿದ ಆಟ. ಈಗ ಮೊಬೈಲ್‌ನಲ್ಲೂ ಇದೆ. ಕಂಪನಿ ಕೆಲಸದಲ್ಲಿ ಬೇಸತ್ತ ವ್ಯಕ್ತಿಯೊಬ್ಬ ಅಜ್ಜ ಬಿಟ್ಟುಹೋದ ಹೊಲಕ್ಕೆ ಮರಳುವುದು ಕಥೆ. ತಂಗಿ ತನ್ನ ಫೋನ್‌ನಲ್ಲಿ ಹಾಕಿಕೊಂಡಿದ್ದಳು. ದೀಪಾವಳಿಗೆ ಊರಿಗೆ ಹೋದಾಗ ಅವಳ ಪಕ್ಕ ಕೂತು ನೋಡಿದೆ, ಆಮೇಲೆ ನಾನೂ ಖರೀದಿಸಿದೆ.

ಮೊದಲು ನಗು ಬಂತು. ಅಪ್ಪ ನಿಜವಾದ ಹೊಲದಲ್ಲಿ ಈರುಳ್ಳಿ ಬೆಳೆಯುತ್ತಾರೆ, ಮಕ್ಕಳು ಮೊಬೈಲಿನ ಹೊಲದಲ್ಲಿ! ಅಪ್ಪನೂ ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿದರು. ಬಿತ್ತಿದ ನಾಲ್ಕನೇ ದಿನಕ್ಕೆ ಗಡ್ಡೆ ಬರುವುದನ್ನೂ, ಬೆದರುಬೊಂಬೆ ಇಲ್ಲದಿದ್ದರೆ ಕಾಗೆ ತಿನ್ನುವುದನ್ನೂ ಕಂಡರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ‘ಇಲ್ಲಿ ರೇಟ್ ಬೀಳೋದಿಲ್ಲೇನು?’ ಬೀಳುವುದಿಲ್ಲ. ಬೆಳೆಗೆ ನಿಗದಿಯಾದ ಬೆಲೆ, ಗುಣಮಟ್ಟ ಚೆನ್ನಾಗಿದ್ದರೆ ಇನ್ನೂ ಹೆಚ್ಚು. ‘ಹಂಗಾದ್ರ ಆಟನ ಬಿಡು’ ಎಂದು ಎದ್ದು ಹೋದರು. ಅವರ ಮಾತಿನಲ್ಲಿ ಒಂದು ವಿಮರ್ಶೆಯೇ ಇತ್ತು. ಶ್ರಮಕ್ಕೆ ತಕ್ಕ ಫಲ ಖಚಿತವಾಗಿ ಸಿಗುವುದು ಆಟದಲ್ಲಿ ಮಾತ್ರ ಎಂಬುದು ರೈತನಿಗೂ ಗೊತ್ತು, ಉದ್ಯೋಗಾಕಾಂಕ್ಷಿಗೂ ಗೊತ್ತು.

ಖುಷಿ ಏಕೆ ಮರಳಿತು ಎಂದು ಯೋಚಿಸಿದಾಗ ಕಾರಣಗಳು ತೀರ ಸಾದಾ ಅನ್ನಿಸಿದವು. ಈ ಆಟಕ್ಕೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು, ಜಾಹೀರಾತಿಲ್ಲ, ಪಾಸ್ ಇಲ್ಲ. ಆಟದೊಳಗಿನ ಒಂದು ದಿನ ಹದಿನಾಲ್ಕು ನಿಮಿಷದಷ್ಟು. ರಾತ್ರಿಯಾದಾಗ ಪಾತ್ರ ಮಲಗುತ್ತದೆ, ಆಟ ಉಳಿಯುತ್ತದೆ, ನಾವೂ ನಿಲ್ಲಿಸಬಹುದು. ಎರಡು ವಾರ ತೆರೆಯದಿದ್ದರೂ ಬೆಳೆ ಒಣಗುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಾನು ಒಂದೂವರೆ ತಿಂಗಳು ಮುಟ್ಟಲಿಲ್ಲ. ಮರಳಿದಾಗ ಹೊಲ ಬಿಟ್ಟಲ್ಲೇ ಇತ್ತು. ಎಲ್ಲಿದ್ದೆ ಎಂದು ಅದು ಕೇಳಲಿಲ್ಲ.

ಹಣದ ವಿಷಯದಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಪಣ ಬೇರೆ, ಬೆಲೆ ಬೇರೆ. ಪಣ ಎಂದರೆ ಗೆಲ್ಲುವ ಆಸೆಗೆ ಕಟ್ಟುವ ಹಣ, ಕಾಯ್ದೆ ಅದನ್ನು ತಡೆಯುವುದು ಸರಿಯೇ. ಬೆಲೆ ಎಂದರೆ ಪುಸ್ತಕಕ್ಕೆ ಕೊಟ್ಟಂತೆ ಒಮ್ಮೆ ಕೊಟ್ಟು ನಮ್ಮದಾಗಿಸಿಕೊಳ್ಳುವ ಹಣ. ನಾವು ‘ಉಚಿತ’ ಎಂಬುದನ್ನೇ ಸುರಕ್ಷಿತ ಎಂದುಕೊಂಡಿದ್ದೇವೆ. ಆದರೆ ಎಷ್ಟೋ ಉಚಿತ ಆಟಗಳಲ್ಲಿ ನಾವು ಹಾಜರಿಯ ರೂಪದಲ್ಲಿ ದಿನಾ ತೆರುತ್ತೇವೆ. ಎರಡು ಸಿನಿಮಾ ಟಿಕೆಟ್‌ಗೆ ಇಡುವ ಹಣವನ್ನು ಒಂದು ಒಳ್ಳೆಯ ಆಟಕ್ಕೆ ಇಟ್ಟರೆ ಅದು ದುಂದುವೆಚ್ಚವೇನಲ್ಲ. ಅದಕ್ಕೂ ಆಗದಿದ್ದರೆ ಹಳೆಯ ಚೌಕಾಬಾರ, ಅಳಗುಳಿಮಣೆ, ಚದುರಂಗ ಇದ್ದೇ ಇವೆ. ಅವು ಯಾವ ನೋಟಿಫಿಕೇಷನ್ನನ್ನೂ ಕಳಿಸುವುದಿಲ್ಲ.

ನಿಲ್ಲಿಸುವ ಸ್ವಾತಂತ್ರ್ಯ

ಹಾಗಾದರೆ ಎಲ್ಲರೂ ಕೃಷಿಯ ಆಟ ಆಡಬೇಕೇ? ಖಂಡಿತ ಅಲ್ಲ. ಗೆಳೆಯರ ತಂಡದೊಂದಿಗೆ ಬಿಜಿಎಂಐ ಆಡಿ ನಗುತ್ತಾ ಮಲಗುವವರಿದ್ದಾರೆ, ಅವರ ಖುಷಿ ಅಪ್ಪಟವಾದದ್ದೇ. ಯಾವ ಆಟ ಎಂಬುದಕ್ಕಿಂತ ಅದರೊಂದಿಗೆ ನಮ್ಮ ಸಂಬಂಧ ಎಂಥದ್ದು ಎಂಬುದೇ ಮುಖ್ಯ. ಅದನ್ನು ಸರಿಪಡಿಸಿಕೊಳ್ಳಲು ನನಗೆ ನೆರವಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು, ನೋಟಿಫಿಕೇಷನ್ ಬಂದ್. ಆಟಕ್ಕೆ ನಾವು ಹೋಗಬೇಕು, ಆಟ ನಮ್ಮನ್ನು ಕರೆಯಬಾರದು. ಎರಡನೆಯದು, ಲಾಗಿನ್ ಸರಪಳಿಯನ್ನು ಬೇಕೆಂದೇ ಒಮ್ಮೆ ಕಡಿಯುವುದು. ಒಂದು ದಿನ ತಪ್ಪಿಸಿ ನೋಡಿ. ಉಡುಗೊರೆ ಹೋಗುತ್ತದೆ, ಜತೆಗೆ ಭಾರವೂ ಇಳಿಯುತ್ತದೆ. ಆಮೇಲೂ ಆಡುವ ಮನಸ್ಸಾದರೆ ಆ ಆಟ ನಿಮಗೆ ನಿಜಕ್ಕೂ ಇಷ್ಟ ಎಂದರ್ಥ. ಮೂರನೆಯದು, ಪಕ್ಕದಲ್ಲಿ ಒಬ್ಬರಿದ್ದಾಗ ಆಡುವುದು. ಬೆಂಗಳೂರಿನ ಗೆಳೆಯ ತಿಂಗಳಿಗೊಮ್ಮೆ ಧಾರವಾಡಕ್ಕೆ ಬಂದಾಗ ನಾವೀಗ ಅವನ ಲ್ಯಾಪ್‌ಟಾಪ್‌ನಲ್ಲಿ ಫುಟ್‌ಬಾಲ್ ಗೇಮ್ ಆಡುತ್ತೇವೆ. ಎರಡೇ ಪಂದ್ಯ, ಸೋತವರದ್ದು ಮಿರ್ಚಿ–ಗಿರ್ಮಿಟ್. ನಾಲ್ಕನೆಯದು, ಓದಿನ ನಡುವೆ ಐದೈದು ನಿಮಿಷ ಕದ್ದು ಆಡುವುದಕ್ಕಿಂತ, ವಾರಕ್ಕೆರಡು ಸಂಜೆ ಒಂದು ಗಂಟೆ ರಾಜಾರೋಷವಾಗಿ ಆಡುವುದು. ಕದ್ದ ಆಟಕ್ಕೆ ಅಪರಾಧಿ ಭಾವ ಅಂಟಿಕೊಳ್ಳುತ್ತದೆ, ಅದರಲ್ಲಿ ಓದೂ ಇಲ್ಲ, ಆಟವೂ ಇಲ್ಲ.

ಸರ್ಕಾರದಿಂದಲೂ ಒಂದು ನಿರೀಕ್ಷೆ ಇದೆ. ಹೊಸ ಕಾಯ್ದೆಯ ಹೆಸರಿನಲ್ಲೇ ‘ಉತ್ತೇಜನ’ ಎಂಬ ಪದವಿದೆ. ಅದು ಪದಕ ಗೆಲ್ಲುವ ಇ–ಸ್ಪೋರ್ಟ್ಸ್‌ಗೆ ಮಾತ್ರ ಸೀಮಿತವಾಗದಿರಲಿ. ಕನ್ನಡದಲ್ಲಿ, ನಮ್ಮ ಕಥೆಗಳನ್ನಿಟ್ಟುಕೊಂಡು, ಆರಂಭವೂ ಅಂತ್ಯವೂ ಇರುವ ಸಣ್ಣ ಆಟಗಳನ್ನು ಮಾಡುವ ಯುವಕರಿಗೂ ಅದರ ಪಾಲು ಸಿಗಲಿ. ಎಂಜಿನಿಯರಿಂಗ್, ಚಿತ್ರಕಲೆ, ಸಾಹಿತ್ಯ ಓದಿದವರು ಒಟ್ಟಿಗೆ ಕೂತು ಮಾಡಬಹುದಾದ ಕೆಲಸವದು, ಉದ್ಯೋಗವೂ ಹೌದು.

ಉಳಿದದ್ದು ನಮಗೆ ಬಿಟ್ಟದ್ದು. ಹಣವಿದೆಯೇ ಎಂದು ಕಾಯ್ದೆ ಕೇಳಲಿ, ಎಷ್ಟು ಗಂಟೆ ಎಂದು ಮನೆಯವರು ಕೇಳಲಿ. ಮುಂದಿನ ಸಲ ಗೇಮ್ ತೆರೆಯುವ ಮುನ್ನ ನಿಮ್ಮನ್ನು ನೀವು ಇಷ್ಟು ಕೇಳಿಕೊಳ್ಳಿ: ಇವತ್ತು ಇದನ್ನು ಆಡದಿದ್ದರೆ ನನಗೇನು ನಷ್ಟ? ಉಡುಗೊರೆ ಹೋಗುತ್ತದೆ, ರ‍್ಯಾಂಕ್ ಇಳಿಯುತ್ತದೆ ಎಂಬ ಉತ್ತರ ಬಂದರೆ ಆ ದಿನ ಬಿಟ್ಟುಬಿಡಿ. ಏನೂ ನಷ್ಟವಿಲ್ಲ, ಸುಮ್ಮನೆ ಆಡಬೇಕು ಅನ್ನಿಸಿದೆ ಎಂದು ಬಂದರೆ, ಯಾರ ಅಪ್ಪಣೆಗೂ ಕಾಯದೆ ಒಂದು ಗಂಟೆ ಚೆನ್ನಾಗಿ ಆಡಿ.